ಚಾರ್ನಾಕನ ಗೋರಿಯ ಕಲ್ಲು

ಮಕ್ಕಳೇ, ಕಲ್ಕತ್ತೆಯ ದಕ್ಷಿಣಕ್ಕೆ ಜಾದವ್‌ಪುರ ಅಂತ ಒಂದು ಬಡಾವಣೆ ಇದೆ. ಲೋಕಲ್ ರೈಲು ನಿಲ್ಲುವ ಸ್ಟೇಷನ್ನು, ಮೀನಿನ ಸಂತೆ, ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುವ ಅಂಗಡಿಗಳು, ಮನೆಗಳ ನಡುವೆ ಹಸಿರು ನೀರಿನ ಸಣ್ಣ ಸಣ್ಣ ಕೆರೆಗಳು, ಇವುಗಳ ಜೊತೆಗೆ ಒಂದು ದೊಡ್ಡ ವಿಶ್ವವಿದ್ಯಾಲಯ. ಅಲ್ಲಿ ಆಡಬಹುದಾದ ಒಂದು ಆಟ ಹೇಳಿಕೊಡುತ್ತೇನೆ. ಆಟ ಇಷ್ಟೇ: ಆ ಊರಿನ ನೆಲದಲ್ಲೇ ಹುಟ್ಟಿದ ಒಂದು ಕಲ್ಲನ್ನು ಹುಡುಕಿ ತರಬೇಕು.

ಸುಲಭ ಅನ್ನಿಸಿತೇ? ಹುಡುಕಿ ನೋಡಿ. ಇಟ್ಟಿಗೆ ಚೂರು ಸಿಗುತ್ತದೆ, ಒಡೆದ ಕುಡಿಕೆ ಸಿಗುತ್ತದೆ, ಗೋಡೆಯಿಂದ ಉದುರಿದ ಗಾರೆ ಸಿಗುತ್ತದೆ. ಇವೆಲ್ಲ ಮನುಷ್ಯರು ಮಾಡಿದವು. ರೈಲು ಹಳಿಯ ಕೆಳಗೆ ಕರಿ ಜಲ್ಲಿಯ ರಾಶಿಯೇ ಇದೆ, ಆದರೆ ಅದು ದೂರದ ಗುಡ್ಡಗಳಿಂದ ಬಂದದ್ದು. ಸಂಜೆಯವರೆಗೆ ಅಲೆದರೂ ಊರಿನದೇ ಆದ ಒಂದು ಕಲ್ಲು ಸಿಗುವುದಿಲ್ಲ. ರಾಮನಗರದಲ್ಲೋ ಕೋಲಾರದಲ್ಲೋ ಬಂಡೆಯ ಮೇಲೆ ಜಾರಿ ಚಡ್ಡಿ ಹರಿದುಕೊಂಡು ಬೆಳೆದ ಮಗುವಿಗೆ ಇದು ನಂಬಲಾಗದ ಮಾತು.

ಕಾರಣ ಗಂಗೆ. ಸಾವಿರಾರು ವರ್ಷಗಳಿಂದ ಗಂಗೆ ಮತ್ತು ಅವಳ ಕವಲುಗಳು ಹಿಮಾಲಯದಿಂದ ಮಣ್ಣು ಹೊತ್ತು ತಂದು ಸಮುದ್ರ ಸೇರುವ ಮೊದಲು ಇಲ್ಲಿ ಇಳಿಸುತ್ತ ಬಂದಿದ್ದಾವೆ. ಒಂದು ಮಳೆಗಾಲದ ಮಣ್ಣಿನ ಮೇಲೆ ಇನ್ನೊಂದು ಮಳೆಗಾಲದ ಮಣ್ಣು. ಕಲ್ಕತ್ತೆಯಲ್ಲಿ ನೂರಾರು ಅಡಿ ಕೊರೆದರೂ ಸಿಗುವುದು ಜೇಡಿ, ಮರಳು, ಮೆಕ್ಕಲು. ಬಂಡೆ ಇರುವುದು ಅದಕ್ಕೂ ಎಷ್ಟೋ ಆಳದಲ್ಲಿ.

ಹಾಗಾದರೆ ಇಂಥ ಊರಿನಲ್ಲಿ ಸತ್ತವರ ನೆನಪಿಗೆ ಏನು ನೆಡುವುದು? ಕಲ್ಕತ್ತೆಗೆ ಬಂದು ನೆಲೆಸಿದ ಇಂಗ್ಲಿಷರಿಗೆ ಇದು ನಿಜವಾದ ತೊಂದರೆಯಾಗಿತ್ತು. ಅವರ ಊರಿನಲ್ಲಿ ಚರ್ಚಿನ ಅಂಗಳದ ತುಂಬ ಕಲ್ಲಿನ ಗೋರಿಗಳು. ಇಲ್ಲಿ ಕೈಗೆ ಸಿಗುವುದು ಇಟ್ಟಿಗೆ, ಸುಣ್ಣ. ಪಾರ್ಕ್ ಸ್ಟ್ರೀಟಿನಲ್ಲಿ 1767ರಲ್ಲಿ ಶುರುವಾದ ಹಳೆಯ ಸ್ಮಶಾನಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಆಕಾಶಕ್ಕೆ ಚುಚ್ಚಿದ ಗೋಪುರಗಳು, ಈಜಿಪ್ಟಿನ ಪಿರಮಿಡ್ಡಿನ ಆಕಾರದವು, ಗುಮ್ಮಟ ಹೊತ್ತ ಮಂಟಪಗಳು. ಒಂದೊಂದೂ ಮನೆಯಷ್ಟು ಎತ್ತರ. ದೂರದಿಂದ ಕಲ್ಲಿನವು ಅನ್ನಿಸುತ್ತವೆ. ಹತ್ತಿರ ಹೋದರೆ ಗಾರೆ ಕಿತ್ತುಹೋದ ಕಡೆ ಕೆಂಪು ಇಟ್ಟಿಗೆ ಇಣುಕುತ್ತದೆ.

ನಾವು ಇವತ್ತು ನೋಡಬೇಕಾದದ್ದು ಅದಕ್ಕಿಂತಲೂ ಹಳೆಯ ಜಾಗ. ರಾಜಭವನದ ಹತ್ತಿರ ಸೇಂಟ್ ಜಾನ್ಸ್ ಚರ್ಚು ಇದೆ. ಕಟ್ಟಿ ಮುಗಿಸಿದ್ದು 1787ರಲ್ಲಿ. ಇದಕ್ಕೆ ಗೌಡ್ ಎಂಬ ಹಾಳುಬಿದ್ದ ಹಳೆಯ ರಾಜಧಾನಿಯಿಂದ ಕಲ್ಲು ತರಿಸಿದರು. ಇಟ್ಟಿಗೆಯ ಊರಿನಲ್ಲಿ ಕಲ್ಲಿನ ಕಟ್ಟಡ ಎದ್ದದ್ದು ಜನಕ್ಕೆ ಎಷ್ಟು ಸೋಜಿಗವಾಯಿತೆಂದರೆ, ಬಂಗಾಳಿಗರು ಅದನ್ನು 'ಪಾಥುರೆ ಗಿರ್ಜಾ', ಅಂದರೆ ಕಲ್ಲಿನ ಇಗರ್ಜಿ, ಎಂದೇ ಕರೆದರು.

ಆ ಚರ್ಚಿನ ಅಂಗಳದಲ್ಲಿ ಎಂಟು ಮೂಲೆಯ ಒಂದು ಬಿಳಿಯ ಮಂಟಪವಿದೆ. ಚರ್ಚಿಗಿಂತ ಸುಮಾರು ತೊಂಬತ್ತು ವರ್ಷ ಹಳೆಯದು. ಜಾಬ್ ಚಾರ್ನಾಕ್ ಎಂಬುವನ ಸಮಾಧಿ ಅದು. ಅವನ ಅಳಿಯ ಚಾರ್ಲ್ಸ್ ಐಯರ್ ಕಟ್ಟಿಸಿದ್ದು. ಕಮಾನಿನ ಬಾಗಿಲಿನಿಂದ ಒಳಗೆ ಹೋದರೆ ಅಕ್ಷರ ಕೆತ್ತಿದ ಕಪ್ಪನೆಯ ಕಲ್ಲುಗಳು ಕಾಣುತ್ತವೆ. ಹ್ಯಾಮಿಲ್ಟನ್ ಎಂಬ ವೈದ್ಯನದೂ ಒಂದಿದೆ. ದೆಹಲಿಯ ಬಾದಶಹ ಫರೂಕ್‌ಸಿಯರನ ಕಾಯಿಲೆ ವಾಸಿ ಮಾಡಿ ಹೆಸರಾದವನು ಅವನು. ಅವನ ಕಲ್ಲಿನ ಮೇಲೆ ಇಂಗ್ಲಿಷಿನ ಜೊತೆ ಪಾರಸಿ ಬರಹವೂ ಇದೆ. ನಮ್ಮ ಕಥೆಯ ನಾಯಕ ಮಾತ್ರ ಚಾರ್ನಾಕನ ಕಲ್ಲು. ಚಾರ್ನಾಕನಲ್ಲ, ಅವನ ಕಲ್ಲು!

ಚಾರ್ನಾಕ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. 1690ರ ಆಗಸ್ಟ್ 24ರಂದು ಹೂಗ್ಲಿ ನದಿಯ ದಡದ ಸುತಾನುಟಿ ಎಂಬ ಹಳ್ಳಿಗೆ ಬಂದಿಳಿದ. ಕಲ್ಕತ್ತೆಯನ್ನು ಸ್ಥಾಪಿಸಿದವನು ಇವನೇ ಎಂದು ಪಠ್ಯಪುಸ್ತಕಗಳಲ್ಲಿ ಬಹಳ ಕಾಲ ಬರೆದಿತ್ತು. ಆದರೆ ಅವನು ಬರುವ ಮೊದಲೇ ಅಲ್ಲಿ ಹಳ್ಳಿಗಳಿದ್ದವು, ನೇಕಾರರಿದ್ದರು, ಸಂತೆ ನಡೆಯುತ್ತಿತ್ತು. 2003ರಲ್ಲಿ ಕಲ್ಕತ್ತ ಹೈಕೋರ್ಟು ಕೂಡ, ಈ ಊರಿಗೆ ಒಬ್ಬ ಸ್ಥಾಪಕ, ಒಂದು ಹುಟ್ಟುಹಬ್ಬ ಅಂತ ಇಲ್ಲ ಎಂದು ಹೇಳಿತು. ಅದು ಸರಿಯಾದ ಮಾತು ಎಂದೇ ನನಗೂ ಅನ್ನಿಸುತ್ತದೆ.

ಈಗ ಒಂದು ಪತ್ತೇದಾರಿ ಕೆಲಸ. ಚಾರ್ನಾಕ್ ಸತ್ತದ್ದು 1693ರ ಜನವರಿ 10 ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಕಲ್ಲಿನ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಕೆತ್ತಿರುವುದು ಜನವರಿ 10, 1692. ಒಂದು ವರ್ಷದ ವ್ಯತ್ಯಾಸ! ಕಲ್ಲುಕುಟಿಗ ತಪ್ಪಿದನೇ? ಇಲ್ಲ. ಆಗ ಇಂಗ್ಲಿಷರಿಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ನಮಗೆ ಯುಗಾದಿ ಬರುವ ಕಾಲಕ್ಕೇ ಅವರಿಗೂ ವರ್ಷ ಬದಲಾಗುತ್ತಿತ್ತು. ಹೀಗಾಗಿ ಆ ಜನವರಿ ಅವರ ಲೆಕ್ಕದಲ್ಲಿ ಇನ್ನೂ ಹಳೆಯ ವರ್ಷದ್ದೇ. ಜನವರಿ 1ನ್ನು ಅವರು ವರ್ಷದ ಮೊದಲ ದಿನ ಮಾಡಿಕೊಂಡದ್ದು 1752ರಲ್ಲಿ. ಪುಸ್ತಕವೂ ಸರಿ, ಕಲ್ಲೂ ಸರಿ.

ಗೋರಿಯ ಮೇಲೆ ಬರೀ ಹೆಸರು ಬರೆದರೆ ಸಾಕೇ? ಹಿಂದಿನವರಿಗೆ ಸಾಲದು ಅನ್ನಿಸಿತು. ಇಂಗ್ಲೆಂಡಿನ ಹಳೆಯ ಚರ್ಚುಗಳೊಳಗೆ ಸತ್ತವರನ್ನೇ ಕಲ್ಲಿನಲ್ಲಿ ಕಡೆದು ಮಲಗಿಸಿದ್ದಾರೆ. ಕವಚ ತೊಟ್ಟ ಸರದಾರ ಅಂಗಾತ ಮಲಗಿರುತ್ತಾನೆ, ಎರಡು ಕೈಯೂ ಎದೆಯ ಮೇಲೆ ಮುಗಿದಿರುತ್ತವೆ, ಕಾಲ ಬುಡದಲ್ಲಿ ಒಂದು ಸಿಂಹವೋ ಪುಟ್ಟ ನಾಯಿಯೋ ಮಲಗಿರುತ್ತದೆ. ನಾಯಿಯನ್ನು ಕಂಡರೆ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ! ನಮ್ಮ ಕಡೆ ಊರ ಬಾಗಿಲಲ್ಲಿ, ಕೆರೆ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳು ಇದೇ ಆಸೆಯಿಂದ ಹುಟ್ಟಿದವು. ಕೆಳಗಿನ ಪಟ್ಟಿಯಲ್ಲಿ ವೀರ ಕಾದಾಡುತ್ತಾನೆ, ಅದರ ಮೇಲೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ತುದಿಯಲ್ಲಿ ಅವನು ಶಿವಲಿಂಗದ ಎದುರು ಕೂತಿರುತ್ತಾನೆ. ಕಲ್ಕತ್ತೆಯ ಸೇಂಟ್ ಪಾಲ್ಸ್ ಕತೀಡ್ರಲ್‌ಗೆ ಹೋದರೆ ಬಿಷಪ್ ಹೀಬರ್ ಅವರ ಅಮೃತಶಿಲೆಯ ಮೂರ್ತಿ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದೆ. ಕಡೆದವನು ಚಾಂಟ್ರಿ ಎಂಬ ಇಂಗ್ಲಿಷ್ ಶಿಲ್ಪಿ.

ಇನ್ನು ಕೆಲವರು ಹಿತ್ತಾಳೆಯ ತಗಡು ಆರಿಸಿಕೊಂಡರು. ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ. ಆಳೆತ್ತರದ ತಗಡಿನ ಮೇಲೆ ಸತ್ತವರ ಚಿತ್ರವನ್ನು ಗೆರೆಗಳಲ್ಲಿ ಕೊರೆದು, ಚರ್ಚಿನ ನೆಲದ ಕಲ್ಲಿಗೆ ಕೂರಿಸುತ್ತಿದ್ದರು. ಆ ಚಿತ್ರವನ್ನು ಮನೆಗೆ ಒಯ್ಯಲು ಅಲ್ಲಿನ ಜನ ಒಂದು ಉಪಾಯ ಕಂಡುಕೊಂಡರು. ತಗಡಿನ ಮೇಲೆ ಕಾಗದ ಹಾಸಿ, ಕರಿ ಮೇಣದ ಉಂಡೆಯಿಂದ ಮೆತ್ತಗೆ ಉಜ್ಜುವುದು. ಉಬ್ಬಿದ ಕಡೆಯೆಲ್ಲ ಕಪ್ಪಾಗುತ್ತದೆ, ಕೊರೆದ ಗೆರೆಗಳು ಬೆಳ್ಳಗೇ ಉಳಿಯುತ್ತವೆ. ನೀವೂ ಮಾಡಿ ನೋಡಿ: ಐದು ರೂಪಾಯಿ ನಾಣ್ಯದ ಮೇಲೆ ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲನ್ನು ಓರೆ ಹಿಡಿದು ಉಜ್ಜಿ. ಆದರೆ ಹಳೆಯ ಕಲ್ಲು, ತಗಡುಗಳ ಮೇಲೆ ಮಾತ್ರ ಯಾರನ್ನೂ ಕೇಳದೆ ಹೀಗೆ ಮಾಡಬೇಡಿ. ಉಜ್ಜಿ ಉಜ್ಜಿ ಅವೂ ಸವೆಯುತ್ತವೆ.

ಸವೆಯುವ ಮಾತು ಬಂತಲ್ಲ, ಅದಕ್ಕೆ ಸೇಂಟ್ ಜಾನ್ಸ್ ಚರ್ಚಿನಲ್ಲೇ ಒಂದು ಸಾಕ್ಷಿ ಇದೆ. ವೈಸ್‌ರಾಯ್ ಕ್ಯಾನಿಂಗರ ಹೆಂಡತಿ ಲೇಡಿ ಕ್ಯಾನಿಂಗ್ 1861ರಲ್ಲಿ ಮಲೇರಿಯಾದಿಂದ ತೀರಿಕೊಂಡರು. ಬಂಗಾಳದಲ್ಲಿ ನಮ್ಮ ಜಾಮೂನಿನ ಅಕ್ಕನೋ ತಂಗಿಯೋ ಅನ್ನಬಹುದಾದ 'ಲೇಡಿಕೇನಿ' ಎಂಬ ಸಿಹಿ ಇದೆ. ಅದು ಇವರ ಹೆಸರಿನಿಂದ ಬಂದದ್ದು ಎಂದು ಅಲ್ಲಿನವರು ಹೇಳುತ್ತಾರೆ. ಅವರನ್ನು ಬ್ಯಾರಕ್‌ಪುರದಲ್ಲಿ ನದಿ ಪಕ್ಕದ ತೋಟದಲ್ಲಿ ಮಣ್ಣು ಮಾಡಿ, ಮೇಲೆ ಬಣ್ಣದ ಕಲ್ಲುಗಳನ್ನು ಕೂರಿಸಿದ ಬಹಳ ಚೆಂದದ ಅಮೃತಶಿಲೆಯ ಸ್ಮಾರಕ ಇಟ್ಟರು. ಅದಕ್ಕೆ ಬಂಗಾಳದ ಮಳೆ ಬಿಸಿಲು ತಡೆಯಲಾಗಲಿಲ್ಲ. ಹಾಳಾಗುವುದನ್ನು ಕಂಡು ಅದನ್ನು ಅಲ್ಲಿಂದ ಎತ್ತಿ ತಂದರು. ಈಗ ಅದು ಸೇಂಟ್ ಜಾನ್ಸ್ ಚರ್ಚಿನ ಪಡಸಾಲೆಯ ಸೂರಿನ ಕೆಳಗಿದೆ.

ಅಷ್ಟು ಗಟ್ಟಿ ಕಲ್ಲಿಗೆ ಮಳೆ ಏನು ಮಾಡೀತು? ಒಂದು ಬಟ್ಟಲಿಗೆ ನಿಂಬೆರಸ ಹಿಂಡಿ, ಅದರಲ್ಲಿ ಮೊಟ್ಟೆಯ ಚಿಪ್ಪಿನ ಚೂರು ಹಾಕಿ ನೋಡಿ. ಚಿಪ್ಪಿನ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಹುಳಿ ಅದನ್ನು ಕರಗಿಸುತ್ತಿದೆ ಎಂದರ್ಥ. ಮೊಟ್ಟೆ ಚಿಪ್ಪು ಯಾವ ವಸ್ತುವಿನಿಂದ ಆಗಿದೆಯೋ ಅಮೃತಶಿಲೆಯೂ ಅದರಿಂದಲೇ ಆಗಿದೆ, ಅದರ ಹೆಸರು ಕ್ಯಾಲ್ಸಿಯಂ ಕಾರ್ಬೊನೇಟ್. ಮಳೆಹನಿ ಗಾಳಿಯಲ್ಲಿ ಇಳಿದು ಬರುವಾಗ ಒಂದಿಷ್ಟು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸುವೇ ತುಸು ಹುಳಿಯಾಗುತ್ತದೆ. ಕಲ್ಲಿದ್ದಲ ಹೊಗೆ ಇರುವ ಊರಿನಲ್ಲಿ ಇನ್ನೂ ಹೆಚ್ಚು ಹುಳಿ. ನಾಲಿಗೆಗೆ ಗೊತ್ತೇ ಆಗದಷ್ಟು. ಆದರೂ ವರ್ಷಕ್ಕೆ ನಾಲ್ಕು ತಿಂಗಳು ಹೀಗೆ ಸುರಿದರೆ ಕೆತ್ತಿದ ಮೂಗು, ಬೆರಳು, ಅಕ್ಷರಗಳ ಅಂಚು ಮೊಂಡಾಗುತ್ತವೆ.

ಚಾರ್ನಾಕನ ಕಲ್ಲಿಗೆ ಈ ಹುಳಿಯ ಭಯವಿಲ್ಲ. ಅದು ಬೇರೆ ಜಾತಿಯ ಕಲ್ಲು. ಗ್ರಾನೈಟಿನ ನೆಂಟ, ಆದರೆ ಬಣ್ಣ ಬೇರೆ. ಸಾಮಾನ್ಯ ಗ್ರಾನೈಟು ಬೂದಿ ಬಣ್ಣದ್ದೋ ನಸುಗೆಂಪಿನದೋ ಆಗಿರುತ್ತದೆ. ಈ ಜಾತಿಯ ಕಲ್ಲನ್ನು ಹೊಸದಾಗಿ ಒಡೆದರೆ ಒಳಗೆ ಹಸಿರು, ನೀಲಿ, ಕಪ್ಪು ಬೆರೆತ ಒಂದು ಮಬ್ಬು ಬಣ್ಣ. ಮೇಲೆ ಎಣ್ಣೆ ಸವರಿದಂಥ ಮಿನುಗು. ಅದರಲ್ಲಿರುವ ಕ್ವಾರ್ಟ್ಸ್ ಹರಳುಗಳು ಕೂಡ ಬೇರೆ ಕಡೆಯಂತೆ ಬೆಳ್ಳಗಿರದೆ ನಸುನೀಲಿಯಾಗಿರುತ್ತವೆ.

ಕಲ್ಕತ್ತೆಯಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣೆಯ ಕಚೇರಿ ಇದೆ. ನಮ್ಮ ದೇಶದ ಕಲ್ಲು, ಮಣ್ಣು, ಗಣಿಗಳ ಲೆಕ್ಕ ಇಡುವ ಈ ಸಂಸ್ಥೆ 1851ರಲ್ಲಿ ಶುರುವಾಯಿತು. ಥಾಮಸ್ ಹಾಲೆಂಡ್ ಎಂಬ ತರುಣ ವಿಜ್ಞಾನಿ ಅಲ್ಲಿ ಕೆಲಸಕ್ಕೆ ಬಂದರು. ಎಲ್ಲರೂ ಗೋರಿಯ ಮೇಲಿನ ಅಕ್ಷರ ಓದಿದರೆ ಈತ ಅಕ್ಷರದ ಹಿಂದಿನ ಕಲ್ಲನ್ನು ಓದಿದರು. ನನಗೆ ಈ ಮನುಷ್ಯ ಬಹಳ ಇಷ್ಟವಾಗುವುದು ಅದಕ್ಕೇ. ಇನ್ನೂರು ವರ್ಷ ಎಷ್ಟೋ ಜನ ಆ ಕಲ್ಲಿನ ಮುಂದೆ ನಿಂತು ಹೋಗಿದ್ದರು, ಆದರೆ ಈ ಊರಿನಲ್ಲಿ ಇಲ್ಲದ ಕಲ್ಲು ಇಲ್ಲಿಗೆ ಎಲ್ಲಿಂದ ಬಂತು ಎಂದು ಹಟ ಹಿಡಿದು ಹುಡುಕಿದವರು ಇವರು. ಮದರಾಸಿನ ಬಳಿಯ ಪಲ್ಲಾವರಂ, ಸೇಂಟ್ ಥಾಮಸ್ ಗುಡ್ಡಗಳ ಕಲ್ಲಿಗೂ ಇದಕ್ಕೂ ತಾಳೆಯಾಯಿತು. ಅಲ್ಲಿಂದ ಕಂಪನಿಯ ಹಡಗಿನಲ್ಲಿ ಬಂಗಾಳ ಕೊಲ್ಲಿಯ ಮೇಲೆ ತೇಲಿ ಬಂದಿರಬೇಕು. 1893ರಲ್ಲಿ ಹಾಲೆಂಡ್ ಈ ಕಲ್ಲಿನ ಬಗ್ಗೆಯೇ ಒಂದು ಪ್ರಬಂಧ ಬರೆದು, ಅದಕ್ಕೆ 'ಚಾರ್ನೊಕೈಟ್' ಎಂದು ಹೆಸರಿಟ್ಟರು.

ಒಂದು ಕಲ್ಲು ಇನ್ನೊಂದು ಕಲ್ಲಿನ ಜಾತಿಯದೇ ಎಂದು ಹೇಗೆ ಹೇಳುತ್ತಾರೆ? ಬಣ್ಣ ನೋಡಿದರೆ ಸಾಲದು. ಭೂವಿಜ್ಞಾನಿಗಳು ಕಲ್ಲಿನ ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ನುಣ್ಣನೆಯ ಪುಡಿಯ ಮೇಲೆ ಉಜ್ಜುತ್ತ, ಉಜ್ಜುತ್ತ, 0.03 ಮಿಲಿಮೀಟರಿನಷ್ಟು ತೆಳ್ಳಗೆ ಮಾಡುತ್ತಾರೆ. ಅಂಥ ಮೂವತ್ತಮೂರು ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್! ಅಷ್ಟು ತೆಳ್ಳಗಾದ ಮೇಲೆ ಕಗ್ಗಲ್ಲಿನ ಮೂಲಕವೂ ಬೆಳಕು ಹಾಯುತ್ತದೆ. ಅದನ್ನು ವಿಶೇಷ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕಪ್ಪು ಕಲ್ಲು ಕಪ್ಪಾಗಿ ಉಳಿಯುವುದಿಲ್ಲ. ಒಂದಕ್ಕೊಂದು ಒತ್ತಿ ಕೂತ ಹರಳುಗಳು ಕಾಣುತ್ತವೆ. ಅವುಗಳಲ್ಲಿ ಹೈಪರ್‌ಸ್ತೀನ್ ಎಂಬ ಹರಳೊಂದಿದೆ. ಗಾಜನ್ನು ಮೆಲ್ಲಗೆ ತಿರುಗಿಸುತ್ತ ಹೋಗಿ. ಹರಳು ಈಗ ನಸುಗುಲಾಬಿ. ಇನ್ನಷ್ಟು ತಿರುಗಿಸಿ, ಈಗ ತೆಳು ಹಸಿರು. ಮತ್ತೆ ತಿರುಗಿಸಿದರೆ ಮತ್ತೆ ಗುಲಾಬಿ. ಗ್ರಾನೈಟಿನಂಥ ಕಲ್ಲಿನೊಳಗೆ ಈ ಬಣ್ಣ ಬದಲಿಸುವ ಹರಳು ಕಂಡಿತೋ, ಅದು ಚಾರ್ನೊಕೈಟ್. ಜಾದವ್‌ಪುರ ವಿಶ್ವವಿದ್ಯಾಲಯದಲ್ಲೂ ಕಲ್ಲುಗಳನ್ನು ಓದುವುದಕ್ಕೆಂದೇ ಭೂವಿಜ್ಞಾನ ವಿಭಾಗವಿದೆ. ಕಲ್ಲೇ ಇಲ್ಲದ ಊರಿನಲ್ಲಿ ಕೂತು ಕಲ್ಲು ಕಲಿಯುವ ಅಕ್ಕ ಅಣ್ಣಂದಿರನ್ನು ನೆನೆದರೆ ನನಗೆ ಖುಷಿಯಾಗುತ್ತದೆ.

ಆ ಹರಳು ಅಲ್ಲಿ ಹುಟ್ಟಿದ್ದು ಹೇಗೆ? ನೆಲದೊಳಗೆ ಇಳಿಯುತ್ತ ಹೋದಂತೆ ಸೆಕೆ ಏರುತ್ತದೆ. ಸುಮಾರು 20 ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿಗೂ ಮೀರಿದ ಬಿಸಿಯಲ್ಲಿ, ಮೇಲಿನ ಅಷ್ಟೂ ಬಂಡೆಯ ಭಾರ ಹೊತ್ತುಕೊಂಡು ಈ ಕಲ್ಲು ಬೆಂದಿದೆ. ನೀರು ಕುದಿಯಲು 100 ಡಿಗ್ರಿ ಸಾಕು ಎಂಬುದನ್ನು ನೆನಪಿಡಿ.

ಅಡುಗೆಮನೆಗೆ ಬನ್ನಿ, ಇದನ್ನು ಅಲ್ಲೇ ಅರ್ಥ ಮಾಡಿಕೊಳ್ಳೋಣ. ಅಮ್ಮ ಅಕ್ಕಿಹಿಟ್ಟು ಕಲಸಿದ್ದಾಳೆ. ಅರ್ಧ ಹಿಟ್ಟಿನಿಂದ ಕಡುಬು ಮಾಡಿ ಹಬೆಯಲ್ಲಿ ಬೇಯಿಸಿದಳು, ಅದು ಬೆಳ್ಳಗೆ ಮೆತ್ತಗೆ ಉಳಿಯಿತು. ಉಳಿದರ್ಧವನ್ನು ಕಾದ ಹೆಂಚಿನ ಮೇಲೆ ತಟ್ಟಿದಳು. ನೀರಿನಂಶ ಹಾರಿಹೋಗಿ ರೊಟ್ಟಿಯ ಮೇಲೆ ಕಂದು ಕಲೆಗಳು ಎದ್ದವು. ಹಿಟ್ಟು ಒಂದೇ, ನೀರು ಇತ್ತೋ ಹೋಯಿತೋ ಎಂಬುದರ ಮೇಲೆ ಬಣ್ಣ, ರುಚಿ ಎಲ್ಲ ಬೇರೆಯಾಯಿತು. ಬಂಡೆಯಲ್ಲಿಯೂ ನೀರಿನಂಶ ಇರುತ್ತದೆ. ನೀವು ಕಾಗೆಬಂಗಾರ ಎಂದು ಆರಿಸಿಕೊಂಡು ಜೇಬಿಗೆ ಹಾಕಿಕೊಳ್ಳುವ ಹೊಳೆಯುವ ಹಾಳೆ ಇದೆಯಲ್ಲ, ಅದರ ಒಳಗೆ ನೀರಿನಂಶ ಬಂಧಿಯಾಗಿ ಕೂತಿರುತ್ತದೆ. ಆಳದ ಆ ಬಿಸಿಯಲ್ಲಿ ಕಪ್ಪು ಕಾಗೆಬಂಗಾರ ಪಕ್ಕದ ಕ್ವಾರ್ಟ್ಸ್ ಜೊತೆ ಸೇರಿ, ತನ್ನಲ್ಲಿದ್ದ ನೀರನ್ನು ಹೊರಕ್ಕೆ ಬಿಟ್ಟು, ನೀರೇ ಇಲ್ಲದ ಹೈಪರ್‌ಸ್ತೀನ್ ಆಗಿ ಬದಲಾಗುತ್ತದೆ. ರೊಟ್ಟಿಗೂ ಬಂಡೆಗೂ ಒಂದು ವ್ಯತ್ಯಾಸ ಮಾತ್ರ ಇದೆ: ಬಂಡೆ ಸೀಯುವುದಿಲ್ಲ, ಅದರ ಹರಳುಗಳು ಹೊಸದಾಗಿ ಜೋಡಿಸಿಕೊಳ್ಳುತ್ತವೆ.

ಈ ಬದಲಾವಣೆ ಅರ್ಧಕ್ಕೇ ನಿಂತುಹೋದದ್ದನ್ನು ನೋಡಬೇಕೇ? ಅದಕ್ಕೆ ಕಲ್ಕತ್ತೆಗೂ ಮದರಾಸಿಗೂ ಹೋಗಬೇಕಾಗಿಲ್ಲ. ನಮ್ಮ ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗಕ್ಕೆ ಹೋಗಬೇಕು. ಅಲ್ಲಿನ ಕಲ್ಲುಗಣಿಯಲ್ಲಿ ಬಂಡೆಯನ್ನು ಸೀಳಿದ ಕಡೆ ಬೂದಿ ಬಣ್ಣದ ನೈಸ್ ಶಿಲೆ ಕಾಣುತ್ತದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ನೀವು ಹತ್ತಿ ಕುಣಿಯುವ ಬಂಡೆಯ ಜಾತಿಯೇ ಅದು, ಬಿಳಿ ಕಪ್ಪು ಪಟ್ಟೆಪಟ್ಟೆಯಾಗಿರುತ್ತದೆ. ಆ ಪಟ್ಟೆಗಳು ಸಾಲಾಗಿ ಬರುತ್ತ ಬರುತ್ತ, ಇದ್ದಕ್ಕಿದ್ದಂತೆ ಒಂದು ಕಡೆ ಮಸುಕಾಗಿ, ಅಲ್ಲೊಂದು ಎಣ್ಣೆಗಪ್ಪಿನ ತೇಪೆ ಬಂದುಬಿಡುತ್ತದೆ. ಆ ತೇಪೆ ಚಾರ್ನೊಕೈಟ್. ಎಷ್ಟೋ ಕಡೆ ತೇಪೆಗಳು ಹಳೆಯ ಬಿರುಕುಗಳ ಗುಂಟ ಹರಡಿವೆ. ಗೆರೆಯ ಈಚೆ ಬದಿ ಬದಲಾಗದ ಬಂಡೆ, ಆಚೆ ಬದಿ ಬದಲಾದ ಬಂಡೆ. ನಡುವೆ ನಿಮ್ಮ ಒಂದು ಬೆರಳು ಇಡುವಷ್ಟು ಜಾಗ.

ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಇದರ ಮಹತ್ವವನ್ನು ಕಂಡು, 1960ರಲ್ಲಿ 'ನೇಚರ್' ಎಂಬ ಜಗತ್ಪ್ರಸಿದ್ಧ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಚಾರ್ನೊಕೈಟ್ ತಯಾರಾಗುತ್ತಿರುವುದನ್ನೇ ಇಲ್ಲಿ ನೋಡಬಹುದು ಎಂದು ಜಗತ್ತಿಗೆ ತೋರಿಸಿದರು. ಆಮೇಲೆ ಎಲ್ಲೆಲ್ಲಿಯ ವಿಜ್ಞಾನಿಗಳೋ ಸುತ್ತಿಗೆ ಹಿಡಿದು ಕಬ್ಬಾಳಿನ ದಾರಿ ಕೇಳಿಕೊಂಡು ಬಂದರು. ಆ ಬಂಡೆ ಹೀಗೆ ಬದಲಾದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಆಗ ಭೂಮಿಯ ಮೇಲೆ ಗಿಡವಿಲ್ಲ, ಮೀನಿಲ್ಲ, ಕಣ್ಣಿಗೆ ಕಾಣುವ ಯಾವ ಪ್ರಾಣಿಯೂ ಇಲ್ಲ. ಅಷ್ಟು ಆಳದ ಬಂಡೆ ಮೇಲಕ್ಕೆ ಬಂದದ್ದು ಹೇಗೆ ಎಂದು ಕೇಳುತ್ತೀರಿ ಅಲ್ಲವೇ? ಮಳೆ, ಗಾಳಿ, ಹೊಳೆಗಳು ಮೇಲಿನ ಪದರವನ್ನು ತುಸುತುಸುವೇ ತೇಯ್ದು ಒಯ್ದವು, ಹೊರೆ ಇಳಿದಂತೆ ಕೆಳಗಿನ ನೆಲ ಮೆಲ್ಲಗೆ ಏರಿತು.

ನಮ್ಮ ಬಿಳಿಗಿರಿರಂಗನ ಬೆಟ್ಟವೂ ನೀಲಗಿರಿಯೂ ಬಹುಪಾಲು ಇದೇ ಕಲ್ಲು. ಶ್ರೀಲಂಕೆಯಲ್ಲಿ ಇದೆ, ನಾರ್ವೆಯಲ್ಲಿ ಇದೆ, ಹಿಮ ಹೊದ್ದ ಅಂಟಾರ್ಕ್ಟಿಕಾದಲ್ಲೂ ಇದೆ. ಬಹಳ ಹಿಂದೆ ಭಾರತ, ಶ್ರೀಲಂಕಾ, ಅಂಟಾರ್ಕ್ಟಿಕಾ ಒಂದಕ್ಕೊಂದು ಅಂಟಿಕೊಂಡು ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದವು. ಆ ಅಂಚುಗಳನ್ನು ಮತ್ತೆ ಜೋಡಿಸಿ ನೋಡುವವರಿಗೆ ಎರಡೂ ದಡದ ಇಂಥ ಕಲ್ಲುಗಳು ಸಹಾಯಕ್ಕೆ ಬರುತ್ತವೆ. ಹಿಮದ ನಡುವೆ ನಿಂತ ವಿಜ್ಞಾನಿ ತನ್ನ ಪುಸ್ತಕದಲ್ಲಿ 'ಚಾರ್ನೊಕೈಟ್' ಎಂದು ಬರೆದುಕೊಳ್ಳುವಾಗಲೆಲ್ಲ, ಕಲ್ಕತ್ತೆಯ ಅಂಗಳದಲ್ಲಿ ಮಲಗಿದ ಒಬ್ಬ ಕಂಪನಿ ಅಧಿಕಾರಿಯ ಹೆಸರನ್ನು ಬರೆಯುತ್ತಾನೆ.

ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಕ್ಕಿಬಿಟ್ಟಿದೆ ಎಂದುಕೊಳ್ಳಬೇಡಿ. ಕಬ್ಬಾಳಿನ ಬಂಡೆಯಿಂದ ನೀರನ್ನು ಓಡಿಸಿದವರು ಯಾರು? ಇನ್ನೂ ಆಳದಿಂದ ಇಂಗಾಲದ ಡೈಆಕ್ಸೈಡ್ ಬಿರುಕುಗಳಲ್ಲಿ ನುಗ್ಗಿ ಬಂದು ನೀರನ್ನು ಹೊರದೂಡಿತು ಎಂದು ಕೆಲವರು. ಬಂಡೆ ಅಲ್ಲಲ್ಲಿ ಕರಗಿ, ಆ ಕರಗಿದ ದ್ರವವೇ ನೀರನ್ನು ಹೀರಿಕೊಂಡು ಹೋಯಿತು ಎಂದು ಇನ್ನು ಕೆಲವರು. ಎರಡು ಕಡೆಯವರೂ ಅದೇ ತೇಪೆಗಳನ್ನು ನೋಡಿ ವಾದಿಸುತ್ತಾರೆ. ಕನಕಪುರದ ಕಡೆ ನಿಮ್ಮ ಮನೆಯವರು ಹೊರಟರೆ ಒಂದು ಭೂತಗನ್ನಡಿ ಜೊತೆಗಿರಲಿ, ಕಲ್ಲುಗಣಿಯ ಹತ್ತಿರ ದೊಡ್ಡವರ ಕೈ ಬಿಡಬೇಡಿ. ಕಪ್ಪು ತೇಪೆ ಸಿಕ್ಕಿದ ಕೂಡಲೇ ಅದರ ನಡುವನ್ನು ನೋಡಬೇಡಿ, ಅಂಚನ್ನು ನೋಡಿ. ಬೂದಿ ಬಣ್ಣ ಎಲ್ಲಿ ಕಪ್ಪಾಗತೊಡಗುತ್ತದೆ, ಅಲ್ಲಿ ಬಿರುಕು ಇದೆಯೋ ಇಲ್ಲವೋ, ಕಾಗೆಬಂಗಾರದ ಹೊಳಪು ಎಲ್ಲಿಗೆ ನಿಲ್ಲುತ್ತದೆ, ಗುರುತು ಮಾಡಿಕೊಂಡು ಬನ್ನಿ.